ಹಲ್ಲು ಜುಂ ಅಂದರೆ ಪೇಸ್ಟ್ ಬದಲಿಸುವ ಮೊದಲು ಇಷ್ಟು ನೋಡಿಕೊಳ್ಳಿ

ಮೇ ತಿಂಗಳಲ್ಲಿ ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯ ಮೆಡಿಕಲ್ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಓಆರ್‌ಎಸ್ ಕೇಳುತ್ತಾರೆ, ಉಳಿದವರು ಕೆನ್ನೆ ಹಿಡಿದುಕೊಂಡು ನಿಲ್ಲುತ್ತಾರೆ. ಕಾಲಾಖಟ್ಟಾ ಗೋಲಾ, ಬರ್ಫ್ ಹಾಕಿದ ಕಬ್ಬಿನ ಹಾಲು, ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಕೋಕಮ್ ಶರಬತ್ತು. ಒಂದು ಗುಟುಕು ಹೋಗುತ್ತಲೇ ಹಲ್ಲು ಜುಂ ಅನ್ನುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. "ಅಣ್ಣಾ, ಟೀವಿಯಲ್ಲಿ ಬರ್ತದಲ್ಲ, ಆ ಪೇಸ್ಟ್ ಕೊಡಿ" ಅನ್ನುತ್ತಾರೆ. ಕೊಡುತ್ತೇನೆ, ವ್ಯಾಪಾರ ಅಲ್ವಾ. ಆದರೆ ಮೂರೇ ದಿನಕ್ಕೆ ವಾಪಸ್ ಬಂದು "ಏನೂ ಪ್ರಯೋಜನ ಇಲ್ಲ, ಬೇರೆ ಕಂಪನಿಯದು ಕೊಡಿ" ಅನ್ನುವವರಿಗೆ, ಹಿಂದೆ ಇನ್ನೂ ನಾಲ್ಕು ಜನ ಚೀಟಿ ಹಿಡಿದು ನಿಂತಿರುವಾಗ, ಪೂರ್ತಿ ವಿಷಯ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಫಾರ್ಮಸಿಸ್ಟ್, ಹಲ್ಲಿನ ಡಾಕ್ಟರ್ ಅಲ್ಲ. ಪೇಸ್ಟ್ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಹಲ್ಲು ಯಾಕೆ ಜುಂ ಅನ್ನುತ್ತಿದೆ ಅಂತ ನೋಡದೆ ಸುಮ್ನೆ ತಿಕ್ಕುತ್ತಾ ಹೋದರೆ, ಪೇಸ್ಟ್ ಮುಚ್ಚಿದ್ದನ್ನು ನಾವೇ ಮತ್ತೆ ಬಿಚ್ಚುತ್ತಿರುತ್ತೇವೆ.

ಒಳಗೆ ಆಗುವುದು ಇಷ್ಟು. ಹಲ್ಲಿನ ಮೇಲೆ ಎನಾಮಲ್ ಅನ್ನುವ ಹೊದಿಕೆ ಇದೆ. ನಮ್ಮ ಮೈಯಲ್ಲಿ ಅದರಷ್ಟು ಗಟ್ಟಿ ಇನ್ನೇನೂ ಇಲ್ಲ, ಮೂಳೆ ಕೂಡ ಅಷ್ಟು ಗಟ್ಟಿ ಇಲ್ಲ. ಅದರಲ್ಲಿ ನರ ಇಲ್ಲ, ಆದ್ದರಿಂದ ನೋವೂ ಇಲ್ಲ. ಅದರ ಕೆಳಗೆ ಸ್ವಲ್ಪ ಹಳದಿ ಬಣ್ಣದ ಡೆಂಟಿನ್. ಅದರ ತುಂಬ ಕಣ್ಣಿಗೆ ಕಾಣದ ಸಣ್ಣ ಕೊಳವೆಗಳು, ಒಂದು ಚದರ ಮಿಲಿಮೀಟರಿನಲ್ಲೇ ಸಾವಿರಾರು. ಕೊಳವೆಯೊಳಗೆ ದ್ರವ ಇರುತ್ತದೆ, ಒಳತುದಿಯಲ್ಲಿ ನರ ಇರುತ್ತದೆ. ಎನಾಮಲ್ ಸವೆದರೆ, ಇಲ್ಲವೇ ಒಸಡು ಸರಿದು ಬೇರು ಬಯಲಾದರೆ, ಈ ಕೊಳವೆಗಳ ಬಾಯಿ ತೆರೆದುಕೊಳ್ಳುತ್ತದೆ. ತಣ್ಣನೆಯದು ತಾಗಿದ ಕೂಡಲೇ ಒಳಗಿನ ದ್ರವ ಸರಕ್ಕನೆ ಹೊರಕ್ಕೆ ಸರಿಯುತ್ತದೆ, ನರ ಅದನ್ನು ನೋವು ಅಂತ ತಿಳಿಸುತ್ತದೆ. ಸ್ವೀಡನ್ನಿನ ಬ್ರಾನ್‌ಸ್ಟ್ರೋಮ್ ಎಂಬ ಸಂಶೋಧಕರು 1960ರ ದಶಕದಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಜಿಲೇಬಿಯ ಪಾಕ ತಾಗಿದರೂ, ಲೋಕಲ್ ಟ್ರೈನಿನ ಬಾಗಿಲಲ್ಲಿ ಬಾಯಿ ತೆರೆದು ಗಾಳಿ ಎಳೆದುಕೊಂಡರೂ ಚುಳ್ ಅನ್ನುವುದು ಇದೇ ಕಾರಣಕ್ಕೆ. ಪಾಕ ಆ ದ್ರವವನ್ನು ಹೊರಗೆ ಎಳೆಯುತ್ತದೆ, ಗಾಳಿ ಒಣಗಿಸುತ್ತದೆ.

ಬಿಸಿ ತಾಗಿದಾಗ ದ್ರವ ಒಳಮುಖವಾಗಿ, ನಿಧಾನವಾಗಿ ಸರಿಯುತ್ತದೆ. ಹಾಗಾಗಿ ಬರೀ ಸವೆದ ಹಲ್ಲಿಗೆ ಕಟಿಂಗ್ ಚಹಾ ಅಷ್ಟಾಗಿ ಕಾಡುವುದಿಲ್ಲ, ಐಸ್ ನೀರೇ ಕಾಡುವುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಾವ ಹಲ್ಲು, ಎಷ್ಟು ಹೊತ್ತು

"ಎಲ್ಲಾ ಹಲ್ಲೂ ಜುಂ ಅನ್ನುತ್ತದೆ" ಅಂತ ಬರುವವರೇ ಹೆಚ್ಚು. ಸರಿಯಾಗಿ ನೋಡಿದರೆ ಒಂದೋ ಎರಡೋ ಹಲ್ಲು ಇರುತ್ತವೆ. ರಾತ್ರಿ ಊಟ ಆದ ಮೇಲೆ ಬಾಯಿ ಮುಕ್ಕಳಿಸಿ, ಕನ್ನಡಿ ಮುಂದೆ ನಿಂತು, ಮೊಬೈಲ್ ಟಾರ್ಚ್ ಹಾಕಿ, ಬೆರಳಿನಿಂದ ಕೆನ್ನೆ ಪಕ್ಕಕ್ಕೆ ಎಳೆದು ನೋಡಿ. ಕೋರೆಹಲ್ಲು ಮತ್ತು ಅದರ ಹಿಂದಿನ ಎರಡು ಹಲ್ಲುಗಳನ್ನು ಮೊದಲು ನೋಡಿ. ಒಸಡಿನ ಅಂಚಿನಲ್ಲಿ ಬಿಳಿ ಮುಗಿದು ಹಳದಿ ಶುರುವಾಗುವ ಗೆರೆ ಕಾಣುತ್ತದಾ? ಆ ಹಳದಿ ಭಾಗ ಬೇರು, ಅದು ಒಸಡಿನೊಳಗೆ ಇರಬೇಕಾದದ್ದು. ಅಲ್ಲಿ ಉಗುರು ಮೇಲಿಂದ ಕೆಳಗೆ ಮೆಲ್ಲಗೆ ಎಳೆಯಿರಿ. ಕೆಲವರಿಗೆ ಉಗುರು ಒಂದು ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತದೆ, ಅದೇ ಕ್ಷಣಕ್ಕೆ ಚುಳ್ ಅನ್ನುತ್ತದೆ. ಜಾಗ ಸಿಕ್ಕಿತು ಅಂತ ತಿಳಿಯಿರಿ. ಬಲಗೈಯವರಿಗೆ ಎಡಗಡೆಯ ಹಲ್ಲುಗಳು ಜಾಸ್ತಿ ಸವೆದಿರುವುದೂ ಉಂಟು, ಬ್ರಷ್ಷಿನ ಮೊದಲ ಜೋರು ಬೀಳುವುದು ಅಲ್ಲೇ.

ಕಣ್ಣಿಗೆ ಏನೂ ಕಾಣದಿದ್ದರೆ ಐಸಿನ ಒಂದು ಚೂರನ್ನು ಬಟ್ಟೆಯಲ್ಲಿ ಸುತ್ತಿ, ತುದಿ ಮಾತ್ರ ಹೊರಗೆ ಬಿಟ್ಟು, ಒಂದೊಂದೇ ಹಲ್ಲಿಗೆ ಒಂದು ಸಲ ಮುಟ್ಟಿಸಿ. ನೋವಿಲ್ಲದ ಹಲ್ಲಿನಿಂದ ಶುರು ಮಾಡಿ. ಜುಂ ಅಂದ ಹಲ್ಲಿನಿಂದ ಐಸ್ ತೆಗೆದು ಮನಸ್ಸಿನಲ್ಲೇ ಎಣಿಸಿ. ಐಸ್ ತೆಗೆದ ಕೂಡಲೇ, ನಾಲ್ಕೈದು ಎಣಿಸುವಷ್ಟರಲ್ಲಿ ನೋವು ಹೋಯಿತೆಂದರೆ ಅದು ಮಾಮೂಲಿ ಸೆನ್ಸಿಟಿವಿಟಿ. ಪೇಸ್ಟಿಗೆ ಬಗ್ಗುವ ಜಾತಿ.

ಐಸ್ ತೆಗೆದು ಅರ್ಧ ನಿಮಿಷ ಆದರೂ ನೋವು ನಿಂತೇ ಇದ್ದರೆ, ಬಿಸಿ ಚಹಾಕ್ಕೆ ನೋವು ಎದ್ದು ತಣ್ಣೀರಿಗೆ ಇಳಿದರೆ, ಏನೂ ತಿನ್ನದೆ ಕುಡಿಯದೆ ತಾನಾಗಿ ಠಣ ಠಣ ಅಂದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಪೇಸ್ಟಿನ ಮೇಲೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಒಳಗಿನ ನರಕ್ಕೇ ಬಾವು ಬಂದಿರುವ ಲಕ್ಷಣ ಅದು. ಇಂಥವರು ಅಂಗಡಿಗೆ ಬಂದು ನೋವಿನ ಮಾತ್ರೆ ಕೇಳುತ್ತಾರೆ, ನುಂಗುತ್ತಾರೆ, ಒಂದು ದಿನ ನೋವು ಪೂರ್ತಿ ನಿಂತೇ ಹೋಗುತ್ತದೆ. ವಾಸಿಯಾಯಿತು ಅಂತ ಖುಷಿಪಡುತ್ತಾರೆ. ಎಷ್ಟೋ ಸಲ ಅಲ್ಲಿ ನರ ಸತ್ತಿರುತ್ತದೆ, ಕೀವು ಆಮೇಲೆ ತೋರಿಸಿಕೊಳ್ಳುತ್ತದೆ.

ಇನ್ನೊಂದು ಜಾತಿ ಇದೆ. ಅಡಿಕೆಯೋ ಮೂಳೆಯೋ ಕಡಿದಾಗ, ಅದರಲ್ಲೂ ಕಚ್ಚಿದ್ದನ್ನು ಬಿಡುವಾಗ ಛಳಕ್ ಅಂದರೆ ಹಲ್ಲಿನಲ್ಲಿ ಸೀಳು ಬಿಟ್ಟಿರಬಹುದು. ಮೇಲಿನ ದವಡೆ ಹಲ್ಲುಗಳು ಮೂರ್ನಾಲ್ಕು ಒಟ್ಟಿಗೆ ನೋಯುತ್ತಿದ್ದು, ನೆಗಡಿಯೂ ಇದ್ದು, ಬಗ್ಗಿದಾಗ ಜಾಸ್ತಿಯಾದರೆ ಅದು ಸೈನಸ್ ಇರಬಹುದು, ಹಲ್ಲಿನದೇನೂ ತಪ್ಪಿಲ್ಲ. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ, ಆವತ್ತೇ ಆಸ್ಪತ್ರೆಗೆ ಹೋಗಬೇಕು. ನಾಳೆ ಅನ್ನಬಾರದು.

ಸವೆಸುವವರು ಬಹುತೇಕ ನಾವೇ

ಹಲ್ಲು ಸರಿಯಾಗಿ ಉಜ್ಜದವರಿಗೆ ಮಾತ್ರ ಹೀಗಾಗುತ್ತದೆ ಅಂತ ಜನ ತಿಳಿದಿದ್ದಾರೆ. ಅವರಿಗೆ ಹುಳುಕು ಬರುತ್ತದೆ, ಗಾರೆ ಕಟ್ಟುತ್ತದೆ, ಒಸಡು ಹಾಳಾಗುತ್ತದೆ, ಅದೆಲ್ಲ ನಿಜ. ಆದರೆ ನನ್ನ ಕೌಂಟರಿಗೆ ಬರುವವರಲ್ಲಿ ಶಿಸ್ತಿನವರೇ ತುಂಬಾ. ಬೆಳಿಗ್ಗೆ ನೀರು ಬರುವ ಹೊತ್ತಿಗೆ ಎದ್ದು, ಒಂದು ಕಣ್ಣು ಗಡಿಯಾರದ ಮೇಲಿಟ್ಟು, ಲೋಕಲ್ ತಪ್ಪೀತು ಅನ್ನುವ ಅವಸರದಲ್ಲಿ, ಹಾರ್ಡ್ ಬ್ರಷ್ ಹಿಡಿದು ಸೀದ ಪಾತ್ರೆಯ ತಳ ಉಜ್ಜುವ ಹಾಗೆ ಅತ್ತಿಂದಿತ್ತ ಎಳೆಯುವವರು. ಇವರ ಹಲ್ಲು ಹೊಳೆಯುತ್ತಿರುತ್ತದೆ, ಬುಡ ಸವೆದಿರುತ್ತದೆ. ನಿಮ್ಮ ಬ್ರಷ್ ತಂದು ನೋಡಿ. ಕೊಂಡು ಒಂದು ತಿಂಗಳಾಗುವ ಮೊದಲೇ ಎಳೆಗಳು ಎರಡೂ ಕಡೆ ಚದುರಿಕೊಂಡಿದ್ದರೆ ನಿಮ್ಮ ಕೈ ಜೋರು. ಬೇರೆ ಪರೀಕ್ಷೆಯೇ ಬೇಡ.

ಸಾಫ್ಟ್ ಬ್ರಷ್ ತಗೊಳ್ಳಿ, ಪ್ಯಾಕೆಟ್ಟಿನ ಮೇಲೆ ಬರೆದಿರುತ್ತದೆ. ಮೀಡಿಯಂ ಬೇಡ. ಮುಷ್ಟಿ ಕಟ್ಟಿ ಹಿಡಿಯಬೇಡಿ, ಪೆನ್ನು ಹಿಡಿದ ಹಾಗೆ ಬೆರಳುಗಳಲ್ಲಿ ಹಿಡಿಯಿರಿ, ಆಗ ಜೋರು ಹಾಕಬೇಕೆಂದರೂ ಆಗುವುದಿಲ್ಲ. ಎಳೆಗಳು ಒಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ತಾಗಲಿ. ಅಲ್ಲೇ ಸಣ್ಣಗೆ ಅಲುಗಾಡಿಸಿ, ಆಮೇಲೆ ಮೇಲಿನ ಹಲ್ಲಿಗೆ ಕೆಳಮುಖವಾಗಿ, ಕೆಳಗಿನ ಹಲ್ಲಿಗೆ ಮೇಲ್ಮುಖವಾಗಿ ಗುಡಿಸಿ. ಒಟ್ಟು ಎರಡು ನಿಮಿಷ. ಹೊಸದರಲ್ಲಿ ಏನೂ ಉಜ್ಜಿದ ಹಾಗೇ ಅನ್ನಿಸುವುದಿಲ್ಲ, ಪರವಾಗಿಲ್ಲ. ಹಲ್ಲಿನ ಮೇಲಿನ ಪಾಚಿ ಮೆತ್ತಗಿರುತ್ತದೆ, ಅದು ಹೋಗಲು ಬಲ ಬೇಡ. ಗಟ್ಟಿಯಾದ ಗಾರೆ ಬ್ರಷ್ಷಿಗೆ ಹೇಗೂ ಹೋಗುವುದಿಲ್ಲ, ಎಷ್ಟೇ ತಿಕ್ಕಿ.

ಇನ್ನು ಪುಡಿಗಳು. ಊರಿನಿಂದ ಬಂದ ಹಿರಿಯರು ಇದ್ದಿಲು-ಉಪ್ಪು, ಉಮಿಕರಿ ಬಿಡುವುದಿಲ್ಲ. ಅವರ ಮೊಮ್ಮಕ್ಕಳು ಅದನ್ನೇ ಚಾರ್‌ಕೋಲ್ ಪೇಸ್ಟ್ ಅಂತ ಮುನ್ನೂರು ರೂಪಾಯಿ ಕೊಟ್ಟು ತರಿಸಿಕೊಳ್ಳುತ್ತಾರೆ. ಎರಡೂ ಸವೆಸುತ್ತವೆ. ಕೆಂಪು ಹಲ್ಲುಪುಡಿಗಳಲ್ಲೂ ತರಿ ಇರುವಂಥವು ಇವೆ, ಬೆರಳುಗಳ ನಡುವೆ ತಿಕ್ಕಿದರೆ ಮರಳು ಸಿಕ್ಕ ಹಾಗಾದರೆ ಬಿಟ್ಟುಬಿಡಿ. ಈ ಕಡೆ ಇನ್ನೂ ಕೆಟ್ಟದ್ದೆಂದರೆ ಮಿಶ್ರಿ, ಮರಾಠಿಯವರು ಮಶೇರಿ ಅನ್ನುತ್ತಾರೆ. ಹುರಿದು ಪುಡಿ ಮಾಡಿದ ತಂಬಾಕು. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಎಷ್ಟೋ ಹೆಣ್ಣುಮಕ್ಕಳು ದಿನಾ ಅದನ್ನೇ ತಿಕ್ಕುತ್ತಾರೆ. "ಹಚ್ಚಿದ್ರ ಜುಂ ಅನ್ನೋದು ನಿಲ್ತದ್ರಿ" ಅನ್ನುತ್ತಾರೆ. ಆ ಹೊತ್ತಿಗೆ ಮರಗಟ್ಟಿದ ಹಾಗಾಗುತ್ತದೆ, ನಿಜ. ಆದರೆ ಒಸಡು ಸರಿಯುತ್ತಾ ಹೋಗುತ್ತದೆ, ಬೇರು ಇನ್ನಷ್ಟು ಬಯಲಾಗುತ್ತದೆ, ಅದಕ್ಕೆ ಇನ್ನಷ್ಟು ಮಿಶ್ರಿ. ತಂಬಾಕಿನಿಂದ ಬಾಯಿ ಕ್ಯಾನ್ಸರ್ ಬರುವ ಅಪಾಯವಂತೂ ಇದ್ದೇ ಇದೆ. ಗುಟ್ಕಾ, ಸುಪಾರಿ ಅಗಿಯುವವರ ದವಡೆ ಹಲ್ಲುಗಳು ಮೇಲ್ಭಾಗದಲ್ಲೇ ಚಪ್ಪಟೆಯಾಗಿ ಸವೆದಿರುತ್ತವೆ.

ಹುಳಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದರಲ್ಲಿ ಒಳ್ಳೆಯದು ಅಂತ ಮಾಡುವುದೇ ತಿರುಗುಬಾಣ ಆಗುತ್ತದೆ. ಹುಳಿಯನ್ನು ಪಿಎಚ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಬಾಯಿಯೊಳಗಿನ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಶುರುವಾಗುತ್ತದೆ. ಬೇರು ಅದಕ್ಕಿಂತ ಮೊದಲೇ ಕರಗುತ್ತದೆ. ನಿಂಬೆರಸದ ಪಿಎಚ್ 2ರ ಆಸುಪಾಸು, ಕೋಲಾದ್ದು 2.5ರ ಹತ್ತಿರ. ಹಾಗಂತ ಸಾರು, ಹುಳಿ, ಸೋಲ್‌ಕಡಿ ಬಿಡಬೇಕಿಲ್ಲ. ಅನ್ನಕ್ಕೆ ಕಲಸಿ ತಿಂದು ಮುಗಿಸಿದರೆ ಎಂಜಲು ಅದನ್ನು ಸರಿಮಾಡಿಕೊಳ್ಳುತ್ತದೆ. ತೊಂದರೆ ಇರುವುದು ಗುಟುಕು ಗುಟುಕಾಗಿ, ಗಂಟೆಗಟ್ಟಲೆ ಕುಡಿಯುವುದರಲ್ಲಿ. ಆಫೀಸಿನ ಟೇಬಲ್ ಮೇಲೆ ನಿಂಬೆ ನೀರಿನ ಬಾಟಲಿ ಇಟ್ಟುಕೊಂಡು ಸಂಜೆಯವರೆಗೆ ಚೀಪುವವರು, ವಿಟಮಿನ್ ಸಿ ಮಾತ್ರೆಯನ್ನು ಚಾಕೊಲೇಟ್ ಥರ ಕೆನ್ನೆಯಲ್ಲಿಟ್ಟುಕೊಳ್ಳುವವರು, ತೂಕ ಇಳಿಸಲು ಬೆಳಿಗ್ಗೆ ವಿನಿಗರ್ ನೀರು ಕುಡಿಯುವವರು, ಇವರಿಗೆ ಹಲ್ಲು ಚಳಿತರೆ ಆಶ್ಚರ್ಯ ಏನಿದೆ? ಅದರಲ್ಲೂ ಖಾಲಿ ಹೊಟ್ಟೆಗೆ ನಿಂಬೆ-ಜೇನು ನೀರು ಕುಡಿದು, ತಕ್ಷಣ ಬ್ರಷ್ ಹಿಡಿಯುವುದು ತೀರಾ ಕೆಟ್ಟದು. ಹುಳಿಗೆ ಮೆತ್ತಗಾದ ಪದರವನ್ನು ಬ್ರಷ್ ಎತ್ತಿಕೊಂಡು ಹೋಗುತ್ತದೆ. ಕುಡಿಯಲೇಬೇಕೆಂದರೆ ಮೊದಲು ಬ್ರಷ್ ಮಾಡಿ, ಆಮೇಲೆ ಕುಡಿಯಿರಿ, ಬರೀ ನೀರಿನಲ್ಲಿ ಮುಕ್ಕಳಿಸಿ. ಹುಳಿ ಕುಡಿದ ಮೇಲೆ ಬ್ರಷ್ ಮಾಡಬೇಕಾದರೆ ಅರ್ಧ ಗಂಟೆಯಾದರೂ ಬಿಡಿ.

ಹೊಟ್ಟೆಯಿಂದ ಮೇಲೆ ಬರುವ ಹುಳಿಯೂ ಇದೇ ಕೆಲಸ ಮಾಡುತ್ತದೆ. ನಮ್ಮ ಹೋಟೆಲ್ ಕೆಲಸದವರನ್ನೇ ನೋಡಿ. ಗಿರಾಕಿಗಳೆಲ್ಲ ಹೋಗಿ, ಶಟರ್ ಎಳೆದು, ರಾತ್ರಿ ಹನ್ನೆರಡಕ್ಕೆ ಉಂಡು ಹಾಗೇ ಮಲಗಿದರೆ ಹುಳಿತೇಗು ಗಂಟಲಿಗೆ ಬರುತ್ತದೆ. ಇಂಥವರಿಗೆ ಮೇಲಿನ ಮುಂದಿನ ಹಲ್ಲುಗಳ ಒಳಭಾಗ, ನಾಲಿಗೆ ತಾಗುವ ಕಡೆ, ನುಣ್ಣಗೆ ಸವೆದಿರುತ್ತದೆ. ಅಸಿಡಿಟಿಗೆ ಮದ್ದು ಮಾಡದೆ ಹಲ್ಲಿಗೆ ಎಷ್ಟು ಮಾಡಿದರೂ ಅಷ್ಟೇ. ಬಸುರಿಯರಿಗೆ ವಾಂತಿಯಾದ ಮೇಲೂ ತಕ್ಷಣ ಬ್ರಷ್ ಬೇಡ, ಒಂದು ಲೋಟ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ ಉಗಿದರೆ ಸಾಕು.

ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಅದು ಗೊತ್ತೇ ಇರುವುದಿಲ್ಲ, ಪಕ್ಕದಲ್ಲಿ ಮಲಗುವವರನ್ನು ಕೇಳಿ. ಬೆಳಿಗ್ಗೆ ಎದ್ದಾಗ ದವಡೆ, ಕಣತಲೆ ನೋಯುತ್ತಿದ್ದರೆ ಅನುಮಾನ ಪಡಬಹುದು. ಅದಕ್ಕೆ ಹಲ್ಲಿನ ಡಾಕ್ಟರ್ ಅಳತೆ ತೆಗೆದು, ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ನೈಟ್ ಗಾರ್ಡ್ ಮಾಡಿಕೊಡುತ್ತಾರೆ.

ಪೇಸ್ಟ್ ಕೊಳ್ಳುವಾಗ

ಟ್ಯೂಬಿನ ಮುಂದಿರುವ ಮಂಜುಗಡ್ಡೆ ಚಿತ್ರ ಬಿಟ್ಟು ಹಿಂದೆ ಸಣ್ಣ ಅಕ್ಷರದಲ್ಲಿರುವುದನ್ನು ಓದಿ. ಪೊಟ್ಯಾಸಿಯಂ ನೈಟ್ರೇಟ್ 5 ಪರ್ಸೆಂಟ್ ಅಂತ ಇದ್ದರೆ ಅದು ನರವನ್ನು ಶಾಂತ ಮಾಡುವ ಜಾತಿ. (ಪಟಾಕಿ ಮದ್ದಿಗೆ ಹಾಕುವ ಪೆಟ್ಲುಪ್ಪು ಇದೇ. ಹೆದರಬೇಡಿ, ಬಾಯಲ್ಲಿ ಏನೂ ಸಿಡಿಯುವುದಿಲ್ಲ.) ಸೆನ್ಸೊಡೆಂಟ್-ಕೆ ಈ ಗುಂಪಿನದು, ಅದರಲ್ಲೇ ಕೆಎಫ್ ಅಂತ ಇದ್ದರೆ ಫ್ಲೋರೈಡೂ ಇದೆ ಅಂತ ಅರ್ಥ. ಇನ್ನೊಂದು ಜಾತಿ ಕೊಳವೆಗಳ ಬಾಯಿಯನ್ನೇ ಮುಚ್ಚುವುದು. ಸ್ಟ್ಯಾನಸ್ ಫ್ಲೋರೈಡ್, ಆರ್ಜಿನಿನ್, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ ಸೋಡಿಯಂ ಫಾಸ್ಫೋಸಿಲಿಕೇಟ್ ಇರುವವು ಇದರಲ್ಲಿ ಬರುತ್ತವೆ. ವಾಂಟೇಜ್‌ನಲ್ಲಿರುವುದು ಈ ಕೊನೆಯದು. ಒಂದೇ ಕಂಪನಿಯ ಬೇರೆ ಬೇರೆ ಬಣ್ಣದ ಟ್ಯೂಬಿನಲ್ಲಿ ಬೇರೆ ಬೇರೆ ಮದ್ದು ಇರುತ್ತದೆ. ಸೆನ್ಸೊಡೈನ್ 1961ರಲ್ಲಿ ಅಮೆರಿಕದಲ್ಲಿ ಶುರುವಾದಾಗ ಅದರಲ್ಲಿದ್ದದ್ದು ಸ್ಟ್ರಾನ್ಷಿಯಂ ಕ್ಲೋರೈಡ್, ಈಗ ಅದೇ ಹೆಸರಿನಲ್ಲಿ ಬೇರೆ ಬೇರೆ ಉಪ್ಪುಗಳು ಬರುತ್ತವೆ. ಆದ್ದರಿಂದ ಹೆಸರಿಗಿಂತ ಹಿಂದಿನ ಅಕ್ಷರ ನೋಡಿ ಕೊಳ್ಳಿ. ದುಬಾರಿಯದೇ ಆಗಬೇಕು ಅಂತೇನೂ ಇಲ್ಲ.

ಮುಖ್ಯವಾದದ್ದು ತಾಳ್ಮೆ. ಪೊಟ್ಯಾಸಿಯಂ ನೈಟ್ರೇಟಿಗೆ ಎರಡರಿಂದ ನಾಲ್ಕು ವಾರ ಬೇಕು, ಅದೂ ದಿನಕ್ಕೆ ಎರಡು ಸಲ, ತಪ್ಪದೆ. ಮೂರು ದಿನಕ್ಕೆ ಬದಲಿಸಿದರೆ ಯಾವುದಕ್ಕೂ ಅವಕಾಶವೇ ಕೊಟ್ಟ ಹಾಗಾಗಲಿಲ್ಲ. ಬ್ರಷ್ ಆದ ಮೇಲೆ ಉಗಿಯಿರಿ, ಆದರೆ ಚೊಂಬುಗಟ್ಟಲೆ ನೀರು ಹಾಕಿ ಗಳಗಳ ಮುಕ್ಕಳಿಸಬೇಡಿ. ನಮ್ಮವರಿಗೆ ಇದು ಕಷ್ಟ, ಬಾಯಿ ಎಂಜಲು ಉಳಿದ ಹಾಗೆ ಅನ್ನಿಸುತ್ತದೆ. ಆದರೂ ರಾತ್ರಿ ಒಂದು ಹೊತ್ತಾದರೂ ಬರೀ ಉಗಿದು ಬಿಡಿ. ಮಲಗುವ ಮುಂಚೆ ಕಡಲೆ ಕಾಳಿನಷ್ಟು ಪೇಸ್ಟನ್ನು ಬೆರಳ ತುದಿಯಲ್ಲಿ ತೆಗೆದು, ಆ ಜುಂ ಅನ್ನುವ ಜಾಗಕ್ಕೇ ಹಚ್ಚಿ, ಒಂದು ನಿಮಿಷ ಮೆಲ್ಲಗೆ ಸವರಿ ಉಗಿದು ಮಲಗಿ. 12 ವರ್ಷದೊಳಗಿನ ಮಕ್ಕಳಿಗೆ ಡಾಕ್ಟರನ್ನು ಕೇಳದೆ ಈ ಪೇಸ್ಟ್ ಬೇಡ. ನಾಲ್ಕು ವಾರಕ್ಕೂ ಬಗ್ಗದಿದ್ದರೆ ಐದನೇ ವಾರ ಇನ್ನೊಂದು ಟ್ಯೂಬ್ ಕೊಳ್ಳುವ ಬದಲು ತೋರಿಸಿಕೊಳ್ಳಿ.

ಪಾವಗಡ, ಕೋಲಾರ ಕಡೆಯವರು ಫ್ಲೋರೈಡ್ ಅಂದರೆ ಬೆಚ್ಚಿಬೀಳುತ್ತಾರೆ, ಅಲ್ಲಿನ ಬೋರ್‌ವೆಲ್ ನೀರು ಕುಡಿದು ಹಲ್ಲು ಕಂದು ತಿರುಗಿದ್ದನ್ನು ಕಂಡವರು. ಅದು ವರ್ಷಗಟ್ಟಲೆ ಹೊಟ್ಟೆಗೆ ಹೋದ ಫ್ಲೋರೈಡ್. ಹಚ್ಚಿ ಉಗಿಯುವ ಪೇಸ್ಟಿನ ಲೆಕ್ಕ ಬೇರೆ. ದೊಡ್ಡವರಿಗೆ ಅದು ಬೇಕು ಕೂಡ.

ಮನೆಮದ್ದಿನಲ್ಲಿ ಬೆಚ್ಚಗಿನ ಉಪ್ಪುನೀರು ಒಸಡಿಗೆ ಒಳ್ಳೆಯದು, ತೊಂದರೆ ಇಲ್ಲ. ಲವಂಗದ ಎಣ್ಣೆ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ಹತ್ತಿಯಲ್ಲಿ ಒಂದು ಹನಿ ಸಾಕು, ಸುರಿದರೆ ಒಸಡು ಸುಡುತ್ತದೆ. ನಿಂಬೆಹಣ್ಣಿಗೆ ಉಪ್ಪು, ಸೋಡಾ ಹಚ್ಚಿ ತಿಕ್ಕುವ ವಾಟ್ಸಾಪ್ ಸಲಹೆ ಯಾರು ಕಳಿಸಿದರೂ ಡಿಲೀಟ್ ಮಾಡಿ. ನೋವಿನ ಮಾತ್ರೆ ಪುಡಿ ಮಾಡಿ ಒಸಡಿಗೆ ಇಡುವುದೂ ಬೇಡ, ಹುಣ್ಣಾಗುತ್ತದೆ.

ಡಾಕ್ಟರ್ ಹತ್ತಿರ ಹೋದರೆ

"ಕ್ಲೀನಿಂಗ್ ಮಾಡಿಸಿದ ಮೇಲೇ ಶುರುವಾಯಿತು, ಹಲ್ಲೆಲ್ಲ ಸಂದಿ ಬಿದ್ದವು" ಎಂಬ ದೂರು ನಾನು ಕೇಳುತ್ತಲೇ ಇರುತ್ತೇನೆ. ಆ ಸಂದಿ ಮೊದಲೇ ಇತ್ತು, ಗಾರೆ ಅದರಲ್ಲಿ ತುಂಬಿಕೊಂಡಿತ್ತು. ಅದನ್ನು ತೆಗೆದಾಗ ಕೆಳಗಿನ ಬೇರು ಬಯಲಾಗಿ ಕೆಲವು ದಿನ ಜುಂ ಅನ್ನುತ್ತದೆ, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಹೊಸದಾಗಿ ಸಿಮೆಂಟ್ ತುಂಬಿಸಿದ ಹಲ್ಲೂ ಹಾಗೇ. ಮದುವೆಗೆ ಮುಂಚೆ ಬ್ಲೀಚ್ ಮಾಡಿಸುವವರು ಮುಹೂರ್ತಕ್ಕೆ ತೀರಾ ಹತ್ತಿರ ಇಟ್ಟುಕೊಳ್ಳಬೇಡಿ, ಇಲ್ಲದಿದ್ದರೆ ಊಟದ ಪಂಕ್ತಿಯಲ್ಲಿ ಐಸ್‌ಕ್ರೀಮ್ ಎದುರಿಗಿಟ್ಟುಕೊಂಡು ನೋಡುತ್ತಾ ಕೂರಬೇಕಾಗುತ್ತದೆ.

ಡಾಕ್ಟರ್ ಗಾಳಿ ಊದಿ, ಹಲ್ಲು ತಟ್ಟಿ, ಬೇಕಿದ್ದರೆ ಎಕ್ಸ್‌ರೇ ತೆಗೆದು ನೋಡುತ್ತಾರೆ. ಬರೀ ಸವೆತ ಇದ್ದರೆ ಫ್ಲೋರೈಡ್ ವಾರ್ನಿಶ್ ಬಳಿಯುತ್ತಾರೆ. ಅದರಲ್ಲಿ ಪೇಸ್ಟಿಗಿಂತ ಎಷ್ಟೋ ಪಟ್ಟು ಹೆಚ್ಚು ಫ್ಲೋರೈಡ್ ಇರುತ್ತದೆ, ಬಳಿಯಲು ಕೆಲವೇ ನಿಮಿಷ ಸಾಕು. ಬುಡದಲ್ಲಿ ಕಚ್ಚು ಬಿದ್ದಿದ್ದರೆ ಹಲ್ಲಿನ ಬಣ್ಣದ ಸಿಮೆಂಟ್ ತುಂಬುತ್ತಾರೆ. ಒಸಡು ತುಂಬಾ ಸರಿದಿದ್ದರೆ ಅಂಗುಳಿನಿಂದ ಚೂರು ತೆಗೆದು ಅಲ್ಲಿ ಕೂರಿಸುವ ಆಪರೇಷನ್ನೂ ಇದೆ. ನರಕ್ಕೇ ಬಾವು ಬಂದಿದ್ದರೆ ರೂಟ್ ಕೆನಾಲ್. ಬರೀ ತಣ್ಣನೆಯದಕ್ಕೆ ಜುಂ ಅಂದು ತಕ್ಷಣ ನಿಲ್ಲುವ ಹಲ್ಲಿಗೆ ಯಾರಾದರೂ ನೇರ ರೂಟ್ ಕೆನಾಲ್ ಅಂದರೆ, ಯಾಕೆ ಅಂತ ಎಕ್ಸ್‌ರೇ ತೋರಿಸಿ ಹೇಳಲು ಕೇಳಿ. ಸಮಾಧಾನ ಆಗದಿದ್ದರೆ ಇನ್ನೊಬ್ಬರ ಹತ್ತಿರ ತೋರಿಸಿ.

ಖರ್ಚಿನ ಹೆದರಿಕೆಯಿಂದ ಮುಂದೂಡುವವರಿಗೆ ಮುಂಬಯಿಯಲ್ಲಿ ಎರಡು ಜಾಗಗಳಿವೆ. ಮುಂಬಯಿ ಸೆಂಟ್ರಲ್ ಹತ್ತಿರದ ಮುನಿಸಿಪಾಲಿಟಿಯ ನಾಯರ್ ಡೆಂಟಲ್ ಕಾಲೇಜು, ಮತ್ತು ಸಿಎಸ್‌ಎಂಟಿ ರೈಲು ನಿಲ್ದಾಣದ ಪಕ್ಕ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ಡೆಂಟಲ್ ಕಾಲೇಜು. ಪುಣೆಯವರಿಗೆ ಧನಕವಡಿಯಲ್ಲಿ ಭಾರತಿ ವಿದ್ಯಾಪೀಠದ ಡೆಂಟಲ್ ಕಾಲೇಜಿದೆ, ಗೋವಾದವರಿಗೆ ಬಾಂಬೋಳಿಯಲ್ಲಿ ಸರ್ಕಾರಿಯದೇ ಇದೆ. ಇಲ್ಲೆಲ್ಲ ಕಲಿಯುವ ಹುಡುಗ ಹುಡುಗಿಯರು ಪ್ರೊಫೆಸರರ ಕಣ್ಣೆದುರು ಕೆಲಸ ಮಾಡುತ್ತಾರೆ, ನಿಧಾನ ಆಗುತ್ತದೆ, ಒಂದೇ ಸಲಕ್ಕೆ ಮುಗಿಯುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಯಾವ ಹಲ್ಲು, ಯಾವುದು ತಾಗಿದರೆ, ಎಷ್ಟು ಹೊತ್ತು ಅಂತ ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಿಪಿ, ಶುಗರ್, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಸ್ಟ್ರಿಪ್ಪೂ ಜೇಬಿನಲ್ಲಿರಲಿ. "ಬಿಳಿ ಗುಂಡು ಮಾತ್ರೆ" ಅಂದರೆ ಅವರಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ.